ಮಡಚುವ ದೆವ್ವಕ್ಕೊಂದು ಕಿರುಚಾಟ

ಫೆಬ್ರವರಿ 3

ಅಕ್ಕನಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವಾದರೆ ಹರಿದು ಹಾಕುವ ಮೊದಲು ಒಮ್ಮೆ ಓದಿಯೇ ಓದುತ್ತೀಯ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಕೊನೆಗೂ ನಾನು ಡೈರೆಕ್ಟರ್ ಆಗುತ್ತಿದ್ದೇನೆ! ಇಪ್ಪತ್ತೆರಡು ವರ್ಷ ಸ್ಟುಡಿಯೋದ ಗಾಜಿನ ಹಿಂದೆ ಕೂತು ಬೇರೆಯವರ ಸಿನಿಮಾಗಳಿಗೆ ಶಬ್ದ ಹಿಡಿದುಕೊಟ್ಟದ್ದು ಸಾಕು. ನಿರ್ಮಾಪಕರು ಸಿಕ್ಕಿದ್ದಾರೆ. ಬಚ್ಚಲುಮನೆಯ ಟೈಲ್ಸ್ ಮಾರುವವರು, ನಾವೆಲ್ಲ ಟೈಲ್ಸ್ ಸಾಹೇಬರು ಅನ್ನುತ್ತೇವೆ. ಕಥೆ ಹೇಳುವಾಗ ಅವರು ಮೂರು ಕಡೆ ನಕ್ಕರು, ಒಂದು ಕಡೆ ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡರು. ಅಲ್ಲಿಗೆ ಒಪ್ಪಿಗೆಯಾಯಿತು ಅಂದುಕೊಂಡೆ. ನೀನೂ ಕೇಳು.

ಸಿನಿಮಾದ ಹೆಸರು ‘ನಾಲ್ಕು ಮಡಿಕೆ’. ದೆವ್ವದ ಸಿನಿಮಾ. ದೆವ್ವ ಯಾರು ಗೊತ್ತೇ? ಒಂದು ಬಿಳಿ ಚಾದರ. ಚಾದರ ಹೊದ್ದುಕೊಂಡ ಹೆಂಗಸಲ್ಲ, ಒಳಗೆ ಯಾರೂ ಇಲ್ಲ, ಬರೀ ಚಾದರ. ದೊಡ್ಡ ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಮುದುಕಿಯೊಬ್ಬಳು ಅರ್ಧ ಮಡಚಿದ ಚಾದರ ಕೈಯಲ್ಲಿ ಹಿಡಿದೇ ಸತ್ತುಹೋಗುತ್ತಾಳೆ. ಇನ್ನರ್ಧ ಮಡಿಕೆ ಬಾಕಿ ಉಳಿದ ಸಂಕಟಕ್ಕೆ ಚಾದರ ಎದ್ದು ಮನೆಮನೆಗೆ ಹೊರಡುತ್ತದೆ. ಹಗಲಿನಲ್ಲೇ ಬರುತ್ತದೆ, ಬಿಸಿಲಿಲ್ಲದಿದ್ದರೆ ಒಣಗುವುದಿಲ್ಲವಲ್ಲ. ಮುದುಡಿದ್ದು ಏನು ಕಂಡರೂ ಅದಕ್ಕೆ ತಡೆಯುವುದಿಲ್ಲ. ಮನುಷ್ಯರನ್ನೂ ಮಡಚುತ್ತದೆ.

ಮೊದಲ ಬಲಿ ಒಬ್ಬ ಬ್ರಹ್ಮಚಾರಿ. ಒಗೆದ ಬಟ್ಟೆಯನ್ನೆಲ್ಲ ತಿಂಗಳುಗಟ್ಟಲೆ ಕುರ್ಚಿಯ ಮೇಲೆ ಗುಡ್ಡೆ ಹಾಕುವವನು. ಅವನ ತಾಯಿ ಬಂದು ಬೀರು ತೆಗೆದರೆ ಮಗ ನಾಲ್ಕು ಮಡಿಕೆಯಾಗಿ ಟವೆಲ್ಲುಗಳ ನಡುವೆ ನೀಟಾಗಿ ಕೂತಿದ್ದಾನೆ, ಜೇಬಿನಲ್ಲಿ ಎರಡು ನುಸಿಗುಳಿಗೆ. ತನಿಖೆಗೆ ಇನ್‌ಸ್ಪೆಕ್ಟರ್ ಬರುತ್ತಾನೆ. ಅವನ ಗಂಜಿ ಹಾಕಿದ ಯೂನಿಫಾರ್ಮ್ ನೋಡಿ ಚಾದರವೇ ಸೆಲ್ಯೂಟ್ ಹೊಡೆಯುತ್ತದೆ. ಆದರೆ ಅವನು ಊಟ ಮಾಡಿ ಜೀಪಿನಲ್ಲಿ ಒಂದು ನಿದ್ದೆ ತೆಗೆದು ಎದ್ದಾಗ ಬೆನ್ನೆಲ್ಲ ಸುಕ್ಕು. ಮುಗಿಯಿತು ಕಥೆ, ಟೋಪಿ ಮೇಲೆ ಇಟ್ಟು ಮಡಚುತ್ತದೆ. ದೆವ್ವ ಬಿಡಿಸಲು ಬಂದವನ ಗಡ್ಡವನ್ನು ಮೊದಲು ಮಡಚಿ ಆಮೇಲೆ ಅವನನ್ನು ಮಡಚುತ್ತದೆ. ಕೊನೆಗೆ ನಾಯಕಿಗೆ ಒಂದು ಉಪಾಯ ಹೊಳೆಯುತ್ತದೆ. ನಾಲ್ಕು ಮೂಲೆಗೂ ಇಲಾಸ್ಟಿಕ್ ಹಾಕಿದ ಚಾದರ ಬರುತ್ತದಲ್ಲ, ಹಾಸಿಗೆಗೆ ಬಿಗಿಯಾಗಿ ತೊಡಿಸುವಂಥದ್ದು? ಅದನ್ನು ಇವತ್ತಿನವರೆಗೆ ಭೂಮಿಯ ಮೇಲೆ ಯಾರಿಗೂ ಸರಿಯಾಗಿ ಮಡಚಲು ಬಂದಿಲ್ಲ. ಅವಳು ಅದನ್ನೇ ಸುತ್ತಿಕೊಂಡು ನಿಲ್ಲುತ್ತಾಳೆ. ದೆವ್ವ ಬೆಳಗಿನಿಂದ ಸಂಜೆವರೆಗೆ ಮೂಲೆ ಹುಡುಕಿ ಹುಡುಕಿ, ಗೊಳೋ ಎಂದು ಅತ್ತು, ಸೋತು ಬಕೆಟ್ಟಿಗೆ ಬೀಳುತ್ತದೆ.

ಈಗ ನಿನ್ನ ವಿಷಯ. ನಾಯಕಿ ಬೀರುವಿನ ಬಾಗಿಲು ತೆಗೆದು, ಮಡಚಿಟ್ಟ ತನ್ನ ಅಣ್ಣನನ್ನು ನೋಡಿ ಒಂದು ಸಲ ಕಿರುಚಬೇಕು. ಅದೊಂದೇ ಕಡೆ ಸಿನಿಮಾ ನಗಿಸುವುದಿಲ್ಲ. ಆ ಕಿರುಚಾಟದ ಡಬ್ಬಿಂಗಿಗೆ ನಿನ್ನ ದನಿ ಬೇಕು. ಸಾಹೇಬರು ಪಟ್ಟು ಹಿಡಿದಿದ್ದಾರೆ: “ಆ ಯಾವಾಗ್ಲೂ ಮಫ್ಲರ್ ಸುತ್ಕೊಂಡಿರೋ ಡೈರೆಕ್ಟರ್ ಪಿಕ್ಚರ್‌ನಲ್ಲಿ ಕಿರುಚಿದ್ರಲ್ಲ, ಅವರೇ ಬೇಕು. ಅವರು ಬಂದ್ರೆ ಪಿಕ್ಚರ್, ಇಲ್ದಿದ್ರೆ ಇಲ್ಲ.”

ಒಂದೇ ಒಂದು ಕಿರುಚಾಟ, ಅಕ್ಕಾ. ನನ್ನ ಬದುಕು ಅದರ ಮೇಲೆ ನಿಂತಿದೆ.

ನಿನ್ನ ತಮ್ಮ


ಫೆಬ್ರವರಿ 20

ತಮ್ಮನಿಗೆ,

ಓದಿದೆ. ಗಡ್ಡ ಮಡಚುವ ಕಡೆ ನಗು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕಾಗದವನ್ನು ಇನ್ನೊಮ್ಮೆ ಓದಿದೆ.

ಇದು ನಿನ್ನ ತಲೆಯಿಂದ ಹುಟ್ಟಿದ ಕಥೆ ಅಂದುಕೊಂಡಿದ್ದೀಯಲ್ಲ, ಬುದ್ಧಿ ನೆಟ್ಟಗಿದೆಯಾ ನಿನಗೆ? ಇಪ್ಪತ್ತೇಳು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಂತು ಚಾದರ ಮಡಚಿದವಳು ಯಾರು? ಮನೆಗೆ ಬಂದ ಮೇಲೂ ಕೈ ಸುಮ್ಮನಿರದೆ ಹಳೇ ಪೇಪರನ್ನು, ಅಂಗಡಿಯ ಚೀಲವನ್ನು, ನಮ್ಮ ಸ್ಕೂಲಿನ ಕರ್ಚೀಫನ್ನು ನಾಲ್ಕು ಮಡಿಕೆ ಮಾಡುತ್ತಿದ್ದವಳು ಯಾರು? ಭಾನುವಾರ ಮಧ್ಯಾಹ್ನ ದೊಡ್ಡ ಚಾದರದ ಒಂದು ತುದಿ ನನ್ನ ಕೈಗೆ ಕೊಟ್ಟು ತಾನೊಂದು ತುದಿ ಹಿಡಿದು “ಮೂಲೆಗೆ ಮೂಲೆ ತಾ” ಅನ್ನುತ್ತಿದ್ದಳು. ನಾವಿಬ್ಬರೂ ಹತ್ತಿರ ಬಂದಾಗ ಅವಳ ಹಣೆ ನನ್ನ ಹಣೆಗೆ ತಾಗುತ್ತಿತ್ತು. ನೀನು ಮಧ್ಯೆ ಚಾದರದ ಕೆಳಗೆ ನುಗ್ಗಿ ಓಡುತ್ತಿದ್ದೆ. ಅಮ್ಮನನ್ನು ದೆವ್ವ ಮಾಡಿ ಟೈಲ್ಸ್ ಸಾಹೇಬರ ಮುಂದೆ ಕುಣಿಸಿದ್ದೀಯ. ಅವರು ಮೂರು ಕಡೆ ನಕ್ಕರಂತೆ. ಸಂತೋಷ.

ಇನ್ನು ಕಿರುಚಾಟ. ಆ ಮಫ್ಲರ್‌ನವನ ಸಿನಿಮಾದಲ್ಲಿರುವುದು ನಟನೆಯಲ್ಲ ಎಂದು ನಿನ್ನ ಸಾಹೇಬರಿಗೆ ಹೇಳಿದ್ದೀಯಾ? ಹೇಳಿರುವುದಿಲ್ಲ ಬಿಡು. ಅಮ್ಮ ಒಂಬತ್ತು ದಿನದಿಂದ ಕಣ್ಣು ಬಿಡದೆ ಮಲಗಿದ್ದಳು, ಕೂತು ಮಾಡುವುದೇನೂ ಇಲ್ಲ ಅಂದಿದ್ದರು ಡಾಕ್ಟರು. ಅದಕ್ಕೇ ನಾನು ಕೆಲಸಕ್ಕೆ ಬಂದೆ. ಗಾಜಿನ ಈಚೆ ಮೈಕಿನ ಮುಂದೆ ನಾನು, ಗಾಜಿನ ಆಚೆ ನೀನು. ಬೆಳಗಿನಿಂದ ಕಿರುಚಿ ಕಿರುಚಿ ಗಂಟಲು ಹುಣ್ಣಾಗಿತ್ತು, ಮಫ್ಲರ್‌ನವನಿಗೆ ಯಾವುದೂ ಸರಿ ಬರಲಿಲ್ಲ. ಆಗ ನೀನು ಹೆಡ್‌ಫೋನಿನಲ್ಲಿ ಹೇಳಿದೆ: “ಅಕ್ಕಾ, ಆಸ್ಪತ್ರೆಯಿಂದ ಫೋನ್ ಬಂತು. ಅಮ್ಮ ಹೋಗಿಬಿಟ್ಳು.” ನಾನು ಕಿರುಚಿದೆ. ಎರಡು ತಿಂಗಳಾದ ಮೇಲೆ ಥಿಯೇಟರಿನಲ್ಲಿ ಅದನ್ನು ಕೇಳಿಸಿಕೊಂಡೆ. ಜನ ಚಪ್ಪಾಳೆ ತಟ್ಟಿದರು.

ಹನ್ನೊಂದು ವರ್ಷದಿಂದ ನನಗೆ ಗೊತ್ತಾಗಬೇಕಾದದ್ದು ಒಂದೇ. ರೆಕಾರ್ಡ್ ಆಗುವಾಗ ಉರಿಯುವ ಆ ಕೆಂಪು ದೀಪ ನನಗೆ ಹೇಳುವಾಗ ಉರಿಯುತ್ತಿತ್ತು. ಆರಿಸಲು ಮರೆತೆಯಾ? ಬೇಕೆಂದೇ ಬಿಟ್ಟೆಯಾ? ನಿಜ ಹೇಳು, ಬರುತ್ತೇನೆ. ಸುಳ್ಳಾದರೆ ನನಗೆ ಗೊತ್ತಾಗುತ್ತದೆ.

ಅಕ್ಕ


ಮಾರ್ಚ್ 6

ಅಕ್ಕಾ,

ನಿನ್ನಾಣೆಗೂ ನನಗೆ ಹೊಳೆದಿರಲಿಲ್ಲ. ಬಸ್ಸಿನಲ್ಲಿ ಕೂತಿದ್ದಾಗ ಕಥೆ ತಾನಾಗಿ ಬಂತು, ನನ್ನದೇ ಅಂದುಕೊಂಡು ಬರೆದುಕೊಂಡೆ. ನಿನ್ನ ಕಾಗದ ಓದಿದ ಮೇಲೆ ಬೀರು ತೆಗೆದು ನೋಡಿದೆ. ನನ್ನ ಬನಿಯನ್ನುಗಳೂ ನಾಲ್ಕು ಮಡಿಕೆಯಲ್ಲೇ ಇವೆ. ನನ್ನ ಹೆಂಡತಿ ಹಾಗೆ ಮಡಚುವುದಿಲ್ಲ, ನಾನೇ ಮಡಚುವುದು. ಮುದುಕಿಯ ಪಾತ್ರ ತೆಗೆದುಬಿಡುತ್ತೇನೆ. ಚಾದರಕ್ಕೆ ಬೇರೆ ಏನಾದರೂ ಕಾರಣ ಕೊಟ್ಟರಾಯಿತು.

ಸಾಹೇಬರ ಕಾಟ ಬೇರೆ. ದೆವ್ವ ಬರೀ ಬೀರುವಿನಲ್ಲೇ ಏಕಿರಬೇಕು, ಬಚ್ಚಲುಮನೆಗೂ ಬರಲಿ ಅನ್ನುತ್ತಾರೆ. ಅವರ ಹದಿನಾಲ್ಕು ಬಗೆಯ ಟೈಲ್ಸೂ ಚೆನ್ನಾಗಿ ಕಾಣಬೇಕಂತೆ. ಹದಿನಾಲ್ಕು ಬಚ್ಚಲುಮನೆ ಇರುವ ಮನೆಯನ್ನು ಎಲ್ಲಿಂದ ತರಲಿ?

ದೀಪದ ವಿಷಯ. ಮರೆತಿದ್ದೆ ಅಕ್ಕಾ. ಅಷ್ಟೇ. ಅಮ್ಮ ಹೋದಳೆಂದು ಕೇಳಿದವನಿಗೆ ದೀಪ ಎಲ್ಲಿ ನೆನಪಿರುತ್ತದೆ? ಮಾರನೇ ದಿನ ಮಫ್ಲರ್‌ನವರು ರೆಕಾರ್ಡಿಂಗ್ ಕೇಳಿ ಇದೇ ಬೇಕು ಅಂದರು. ಬೇಡ ಅನ್ನುವಷ್ಟು ದೊಡ್ಡವನಾಗಿರಲಿಲ್ಲ ನಾನು. ಈಗ ಹೇಳಿದೆನಲ್ಲ, ಬರುತ್ತೀಯಲ್ಲ? ಏಪ್ರಿಲ್‌ನಲ್ಲಿ ಯಾವ ದಿನವಾದರೂ ಸರಿ.

ನಿನ್ನ ತಮ್ಮ


ಮಾರ್ಚ್ 30

ತಮ್ಮನಿಗೆ,

ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವನು ನೀನು. ಗ್ಯಾಸ್ ಆರಿಸಿದ್ದೇವೋ ಇಲ್ಲವೋ ಎಂದು ಅರ್ಧ ದಾರಿಯಿಂದ ನಮ್ಮನ್ನೆಲ್ಲ ವಾಪಸ್ ಕರೆದುಕೊಂಡು ಬಂದವನು. ನೀನು ಸ್ವಿಚ್ಚು ಮರೆಯುವವನಾ? ಯಾರ ಕಿವಿಗೆ ಹೂ ಇಡುತ್ತಿದ್ದೀಯ?

ಅದು ಹೋಗಲಿ. ನಿನ್ನ ಪಕ್ಕದಲ್ಲೇ ಹತ್ತು ವರ್ಷ ಕೆಲಸ ಮಾಡಿದ್ದೇನೆ, ಮಷಿನ್ನಿನ ಬಗ್ಗೆ ನನಗೂ ಒಂದಿಷ್ಟು ಗೊತ್ತು. ಅವತ್ತು ಬೆಳಗಿನಿಂದ ನಾನು ಕಿರುಚಿದ್ದೆಲ್ಲ ನಟನೆ. ಆ ನಟನೆಗೆ ತಕ್ಕ ಹಾಗೆ ನೀನು ಮಷಿನ್ನಿನಲ್ಲಿ ಶಬ್ದ ಹಿಡಿಯುವ ಲೆವೆಲ್ ಇಟ್ಟಿದ್ದೆ. ಕೊನೆಯದು ಅದರ ಮೂರರಷ್ಟು ಜೋರಿತ್ತು. ಅದೇ ಲೆವೆಲ್ಲಿನಲ್ಲಿ ಅಂಥದ್ದು ಬಂದರೆ ಶಬ್ದ ಒಡೆದು ಕರಕರ ಅನ್ನಬೇಕು. ಒಡೆದಿಲ್ಲ. ಮೊದಲಿನಿಂದ ಕೊನೆವರೆಗೆ ಹಾಲಿನ ಹಾಗಿದೆ. ಮುಂಚೆಯೇ ಯಾರೋ ಲೆವೆಲ್ ಇಳಿಸಿದ್ದಾರೆ. ಜೋರಾಗಿ ಬರುತ್ತದೆ ಎಂದು ಗೊತ್ತಿದ್ದವರು.

ಅದಾದ ಮೇಲೆ ನನಗೆ ಕಿರುಚಲು ಬರಲಿಲ್ಲ. ಬಂದ ಡೈರೆಕ್ಟರುಗಳೆಲ್ಲ “ಅದೇ ಥರ, ಮೇಡಂ, ಅದೇ ಥರ” ಎನ್ನುತ್ತಿದ್ದರು. ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಈಗ ಬಸ್ ಸ್ಟ್ಯಾಂಡಿನಲ್ಲಿ ಅನೌನ್ಸ್‌ಮೆಂಟ್ ಮಾಡುತ್ತೇನೆ. ಎಂಟು ಗಂಟೆ ಒಂದೇ ಸಮದ ದನಿಯಲ್ಲಿ ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಎಂದು ಹೇಳುತ್ತೇನೆ. ಜನ ಓಡುತ್ತಾರೆ, ನಾನು ಓಡುವುದಿಲ್ಲ. ಹೋದ ವರ್ಷ ಮಗಳು ಎಕ್ಸಿಬಿಷನ್ನಿಗೆ ಎಳೆದುಕೊಂಡು ಹೋದಳು. ಅಲ್ಲೊಂದು ದೆವ್ವದ ಮನೆ, ಟಿಕೆಟ್ಟು ತೆಗೆದುಕೊಂಡು ಒಳಗೆ ಹೋಗುವುದು. ಕತ್ತಲಲ್ಲಿ ಒಂದು ಗೊಂಬೆ ಮೇಲಿಂದ ಬೀಳುವಾಗ ಕಿರುಚಿತು. ನನ್ನ ದನಿ, ತಮ್ಮಾ. ಯಾರು ಯಾರಿಗೆ ಕೊಟ್ಟರೋ, ಯಾರು ಕದ್ದರೋ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೊರಗೆ ಬರುತ್ತಿದ್ದರು. ಮಗಳೂ ನಕ್ಕಳು. ಅವಳಿಗೆ ನಾನು ಹೇಳಿಲ್ಲ.

ಪ್ರಶ್ನೆ ಇನ್ನೂ ಹಾಗೇ ಇದೆ.

ಅಕ್ಕ


ಏಪ್ರಿಲ್ 11

ಅಕ್ಕಾ,

ಬರುತ್ತೀಯೋ ಇಲ್ಲವೋ ಒಂದು ಮಾತು ಬರೆ. ಬೇರೆ ಮೂವರನ್ನು ಕರೆಸಿ ಕಿರುಚಿಸಿದೆ. ಒಬ್ಬಳು ಇಲಿ ಕಂಡವಳ ಹಾಗೆ ಕಿರುಚಿದಳು. ಇನ್ನೊಬ್ಬಳು ಬಸ್ಸು ತಪ್ಪಿದವಳ ಹಾಗೆ. ಮೂರನೆಯವಳು ಮುಗಿಸಿ “ಸರಿ ಹೋಯ್ತಾ ಸರ್?” ಎಂದು ಅದೇ ಉಸಿರಿನಲ್ಲಿ ಕೇಳಿದಳು. ಸಾಹೇಬರು ಎದ್ದು ಹೋದರು.

ತಮ್ಮ


ಜೂನ್ 28

ಅಕ್ಕಾ,

ಎರಡು ತಿಂಗಳು ಕಾದೆ, ನಿನ್ನಿಂದ ಒಂದು ಸಾಲೂ ಬರಲಿಲ್ಲ. ಆ ಪ್ರಶ್ನೆಗೆ ಉತ್ತರ ಬಾರದೆ ನೀನು ಬರೆಯುವುದಿಲ್ಲ ಎಂದು ಗೊತ್ತಾಯಿತು. ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವ ಮೊದಲು ಅಂಚೆ ಡಬ್ಬಿಗೆ ಹಾಕಿಬಿಡುತ್ತೇನೆ.

ಮರೆತಿರಲಿಲ್ಲ. ದೀಪ ಉರಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ನಿನಗೆ ಹೇಳುವ ಮೊದಲು ಲೆವೆಲ್ ಎರಡು ಗೆರೆ ಇಳಿಸಿದೆ. ಯಾಕೆ ಎಂದು ಕೇಳಬೇಡ. ಕೈ ತಾನಾಗಿ ಹೋಯಿತು ಎಂದು ಹೇಳಿಕೊಂಡು ಇಷ್ಟು ವರ್ಷ ತಳ್ಳಿದೆ. ಕೈ ತಾನಾಗಿ ಹೋಗುವುದಿಲ್ಲ.

ಆದರೆ ನೀನು ಕೇಳದೇ ಇರುವುದು ಇನ್ನೊಂದಿದೆ. ಒಂದನ್ನು ಹೇಳಿ ಇನ್ನೊಂದನ್ನು ಬಚ್ಚಿಟ್ಟರೆ ಅದೂ ಸುಳ್ಳೇ ಆಗುತ್ತದೆ.

ಆಸ್ಪತ್ರೆಯಿಂದ ಬಂದದ್ದು ಒಂದು ಫೋನ್ ಅಲ್ಲ, ಎರಡು. ಮೊದಲನೆಯದು ಹನ್ನೊಂದೂ ಹತ್ತಕ್ಕೆ ಬಂತು. ನರ್ಸಮ್ಮ ಮಾತಾಡಿದರು: “ನಿಮ್ಮ ತಾಯಿ ಕಣ್ಣು ಬಿಟ್ಟಿದಾರೆ. ಮಗಳು ಎಲ್ಲಿ ಅಂತ ಕೇಳ್ತಿದಾರೆ. ಬೇಗ ಕರ್ಕೊಂಡು ಬನ್ನಿ, ಇದು ಹೀಗೇ ಇರುತ್ತೆ ಅಂತ ಹೇಳೋಕಾಗಲ್ಲ.” ನಾನು “ಹತ್ತು ನಿಮಿಷ” ಅಂದೆ. ಆಗ ನೀನು ಹದಿನಾರನೇ ಟೇಕಿನಲ್ಲಿದ್ದೆ. ಮಫ್ಲರ್‌ನವರು ನನ್ನ ಹೆಗಲ ಮೇಲೆ ಕೈಯಿಟ್ಟು “ಬರ್ತಾ ಇದೆ, ಬರ್ತಾ ಇದೆ, ಇನ್ನೊಂದು ತಗೋ” ಅಂದರು. ನಾನು ಇನ್ನೊಂದು ತೆಗೆದುಕೊಂಡೆ. ಅದು ಸರಿ ಹೋದರೆ ಹೊರಡೋಣ ಅಂದುಕೊಂಡೆ. ಸರಿ ಹೋಗಲಿಲ್ಲ. ಇನ್ನೊಂದು. ನಿನಗೆ ಹೇಳಿದರೆ ನೀನು ಮೈಕ್ ಬಿಟ್ಟು ಓಡುತ್ತೀಯ, ಅವರು ಇನ್ನು ಯಾವತ್ತೂ ನನ್ನನ್ನು ಕರೆಯುವುದಿಲ್ಲ. ಅದೇ ನನ್ನ ತಲೆಯಲ್ಲಿದ್ದದ್ದು. ಅಮ್ಮ ಒಂಬತ್ತು ದಿನ ಕಾದವಳು ಇನ್ನು ಹತ್ತು ನಿಮಿಷ ಕಾಯುತ್ತಾಳೆ ಎಂದೂ ಅಂದುಕೊಂಡೆ. ಹನ್ನೊಂದೂ ಐವತ್ತಕ್ಕೆ ಎರಡನೇ ಫೋನ್ ಬಂತು.

ನಲವತ್ತು ನಿಮಿಷ. ಆಸ್ಪತ್ರೆ ಇದ್ದದ್ದು ಎರಡು ಬೀದಿ ಆಚೆ.

ನಿನ್ನನ್ನು ಬಾ ಎಂದು ಕರೆಯುವ ಮುಖ ನನಗಿಲ್ಲ. ಸಿನಿಮಾ ಆದರೆ ಆಗಲಿ, ಹೋದರೆ ಹೋಗಲಿ.

ತಮ್ಮ


ಜುಲೈ 19

ಯಾವ ದಿನ, ಎಷ್ಟು ಗಂಟೆಗೆ?

ಅಕ್ಕ


ಜುಲೈ 24

ಅಕ್ಕಾ!

ನಿನ್ನ ಕಾಗದ ನೋಡಿ ಅತ್ತುಬಿಟ್ಟೆ. ನನ್ನ ಹೆಂಡತಿ ಗಾಬರಿಯಾದಳು. ಇಷ್ಟು ದೊಡ್ಡ ಮನಸ್ಸು ನನಗಿಲ್ಲ, ಎಲ್ಲವೂ ನಿನಗೇ ಹೋಯಿತು.

ಆಗಸ್ಟ್ 9, ಬೆಳಗ್ಗೆ ಹನ್ನೊಂದು ಗಂಟೆಗೆ. ಅದೇ ಸ್ಟುಡಿಯೋ, ಆದರೆ ಈಗ ಎಲ್ಲ ಹೊಸ ಮಷಿನ್ನು. ನೀನು ಕೂತುಕೊಳ್ಳಲು ಬೆನ್ನಿರುವ ಕುರ್ಚಿ ಹಾಕಿಸುತ್ತೇನೆ, ಫ್ಲಾಸ್ಕಿನಲ್ಲಿ ಬಿಸಿನೀರು ಇಡಿಸುತ್ತೇನೆ. ಸಾಹೇಬರೂ ಬರುತ್ತಾರೆ, ನಿನ್ನನ್ನು ನೋಡಬೇಕಂತೆ. ಮುದುಕಿಯ ಪಾತ್ರವನ್ನು ಪೂರ್ತಿ ತೆಗೆದಿದ್ದೇನೆ. ಈಗ ಚಾದರಕ್ಕೆ ಸಿಟ್ಟು ಬರುವುದು ಬಚ್ಚಲುಮನೆಯಲ್ಲಿ ಯಾರೋ ಅದರಿಂದ ಟೈಲ್ಸ್ ಒರೆಸಿದ್ದಕ್ಕೆ. ನಗು ಬರುತ್ತದೆ, ಅಲ್ಲವೇ?

ಒಂದೇ ಟೇಕು. ಸತ್ಯವಾಗಿಯೂ ಒಂದೇ.

ನಿನ್ನ ತಮ್ಮ


ಆಗಸ್ಟ್ 12

ತಮ್ಮನಿಗೆ,

ನಾನು ಹೇಳದೇ ಕೇಳದೇ ಹೊರಟುಬಂದದ್ದಕ್ಕೆ ನಿನ್ನ ಸಾಹೇಬರು ಏನಂದರೋ ನನಗೆ ಬೇಕಿಲ್ಲ. ನಿನಗೆ ಮಾತ್ರ ವಿಷಯ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಹನ್ನೊಂದೂ ಹತ್ತಕ್ಕೆ ಸರಿಯಾಗಿ ಮೈಕಿನ ಮುಂದೆ ನಿಂತೆ. ನೀನು ಹೆಡ್‌ಫೋನಿನಲ್ಲಿ “ರೆಡಿ ಅಕ್ಕಾ” ಅಂದೆ. ಕೆಂಪು ದೀಪ ಹತ್ತಿತು. ನಾನು ಬಾಯಿ ಬಿಡಲಿಲ್ಲ. ಮೊದಲ ಐದು ನಿಮಿಷ ನೀನು ಹೆಬ್ಬೆರಳು ಎತ್ತಿ ತೋರಿಸಿದೆ, ನಗುತ್ತಿದ್ದೆ. “ಆರಾಮಾಗಿ, ಅಕ್ಕಾ. ಅವಸರ ಇಲ್ಲ.” ಹತ್ತು ನಿಮಿಷಕ್ಕೆ ನಿನ್ನ ಸಾಹೇಬರು ವಾಚು ನೋಡಿಕೊಂಡರು. “ನೀರು ಬೇಕಾ? ಲೈಟ್ ಕಮ್ಮಿ ಮಾಡ್ಲಾ?” ಅಂದೆ. ಹದಿನೆಂಟನೇ ನಿಮಿಷಕ್ಕೆ “ಏನಾಯ್ತು ಅಕ್ಕಾ?” ಅಂದೆ. ನಿನ್ನ ಮುಖ ಇಳಿಯುತ್ತಾ ಬಂತು. ನನ್ನ ತಲೆಯ ಮೇಲಿದ್ದ ಗೋಡೆ ಗಡಿಯಾರವನ್ನು ನೋಡಿದೆ, ಆಮೇಲೆ ನನ್ನನ್ನು ನೋಡಿದೆ. ಆಗ ನಿನಗೆ ಗೊತ್ತಾಯಿತು. ನಿನಗೆ ಗೊತ್ತಾದದ್ದು ನನಗೂ ಗೊತ್ತಾಯಿತು.

ಅಲ್ಲಿ ನಿಂತುಕೊಂಡೇ ನಾನು ಮನಸ್ಸಿನಲ್ಲಿ ಅಮ್ಮನ ಪಕ್ಕದಲ್ಲಿ ಕೂತೆ. ಮಗಳು ಎಲ್ಲಿ ಎಂದು ಕೇಳಿದಳಲ್ಲ, ಇಲ್ಲೇ ಇದ್ದೇನೆ ಅಂದೆ. ಅವಳ ಕೈ ಹಿಡಿದುಕೊಂಡೆ. ಬಾಗಿಲ ಕಡೆ ಅವಳು ಎಷ್ಟು ಸಲ ನೋಡಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಬಹಳ ಉದ್ದ ತಮ್ಮಾ ನಲವತ್ತು ನಿಮಿಷ. ಒಬ್ಬರ ಮಾತೆಲ್ಲ ಕೇಳಿ ಮುಗಿಸಿ, ಸುಮ್ಮನೆ ಮುಖ ನೋಡಿಕೊಂಡು ಕೂರುವಷ್ಟು ಸಮಯವೂ ಅದರಲ್ಲಿ ಮಿಗುತ್ತದೆ.

ನಿನ್ನ ಮೇಲೆ ನನಗಿದ್ದ ಸಿಟ್ಟು ಅಲ್ಲೇ ಇಳಿದುಹೋಗಬಹುದಿತ್ತು. ನಿಜವಾಗಿ ಹೇಳುತ್ತೇನೆ. ಗೊತ್ತಾದ ಕೂಡಲೇ ನೀನು ಆ ದೀಪ ಆರಿಸಿ, ಬಾಗಿಲು ತಳ್ಳಿಕೊಂಡು ಒಳಗೆ ಬಂದಿದ್ದರೆ ನಾನು ಏನು ಮಾಡುತ್ತಿದ್ದೆನೋ. ಬಹುಶಃ ನಿನ್ನ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದೆ. ಇಬ್ಬರೂ ಸೇರಿ ಅಮ್ಮನಿಗಾಗಿ ಒಂದು ಸಲವೂ ಅತ್ತಿಲ್ಲ ನಾವು. ಮೂವತ್ತನೇ ನಿಮಿಷದಿಂದ ನಾನು ಅದನ್ನೇ ಕಾಯುತ್ತಿದ್ದೆ. ನೀನು ಅಳುತ್ತಿದ್ದೆ, ಗಾಜಿನಲ್ಲಿ ಕಾಣುತ್ತಿತ್ತು. ಅಳುತ್ತಲೇ ಲೆವೆಲ್ಲಿನ ಮೇಲೆ ಬೆರಳಿಟ್ಟು ಕೂತಿದ್ದೆ. ಎರಡು ಗೆರೆ ಇಳಿಸಿದೆ. ಅದೂ ಕಾಣಿಸಿತು.

ಹನ್ನೊಂದೂ ಐವತ್ತಕ್ಕೆ ಹೆಡ್‌ಫೋನ್ ತೆಗೆದಿಟ್ಟು ಬಂದೆ.

ನನಗೆ ಕಿರುಚಲು ಬರಲಿಲ್ಲ ಎಂದು ನಿನ್ನ ಸಾಹೇಬರಿಗೆ ಹೇಳಬೇಡ. ನಿನ್ನ ಜೂನ್ ತಿಂಗಳ ಕಾಗದ ಓದಿದ ದಿನವೇ ಅದು ವಾಪಸ್ ಬಂದಿತ್ತು. ಆರು ವಾರ ಹಲ್ಲು ಕಚ್ಚಿಕೊಂಡು ಗಂಟಲಲ್ಲೇ ಇಟ್ಟುಕೊಂಡು, ಬಸ್ಸುಗಳ ಹೆಸರು ಹೇಳುತ್ತಾ ಇದ್ದೆ. ಸ್ಟುಡಿಯೋದಿಂದ ಹೊರಬಿದ್ದು ತುಂಬಾ ದೂರ ನಡೆದೆ. ಆಮೇಲೆ ಒಂದು ಕಡೆ ನಿಂತು ಕಿರುಚಿದೆ. ಹಳೆಯದಕ್ಕಿಂತ ಚೆನ್ನಾಗಿತ್ತು. ಎಲ್ಲಿ ಎಂದು ನಿನಗೆ ಹೇಳುವುದಿಲ್ಲ. ಅಲ್ಲಿ ಮೈಕ್ ಇರಲಿಲ್ಲ.

ಅಕ್ಕ